ಟಿಪ್ಪು ಸುಲ್ತಾನನೂ ಫ್ರೆಂಚರ ದ್ವೀಪವೂ

ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಹೊಗಳುವವರೂ ತೆಗಳುವವರೂ ಸಮಾನ ಉತ್ಸಾಹದಿಂದ ತಮ್ಮ ಕೆಲಸವನ್ನು ನಡೆಸುತ್ತಿರುವುದರಿಂದ, ಆತನು ಸತ್ತು ಇನ್ನೂರು ವರ್ಷಗಳು ಮೀರಿದರೂ ಹಳಬನಾಗಿಲ್ಲ. ಆ ವಾದದಲ್ಲಿ ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಆತನ ಬಾಳಿನ ಒಂದು ಎಳೆಯನ್ನು ಮಾತ್ರ ಹಿಡಿದು ಹೊರಟಿದ್ದೇನೆ. ಆ ಎಳೆಯ ಒಂದು ತುದಿ ನಮ್ಮ ಮಂಗಳೂರಿನಲ್ಲಿದ್ದರೆ, ಇನ್ನೊಂದು ತುದಿ ಹಿಂದೂ ಮಹಾಸಾಗರದ ನಡುವೆ, ಆಂಗ್ಲರೂ ಫ್ರೆಂಚರೂ ಕಚ್ಚಾಡಿದ ಮಾರಿಷಸ್ ದ್ವೀಪದಲ್ಲಿದೆ.

ನಾನು ಕೋಡಿಂಬಾಳದವನು. ನಮ್ಮ ಗುಡ್ಡದ ತೋಡುಗಳ ನೀರು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಆ ಅಳಿವೆಯಿಂದ ನೈಋತ್ಯಕ್ಕೆ ಸುಮಾರು ನಾಲ್ಕು ಸಾವಿರ ಕಿಲೋಮೀಟರು ಹೋದರೆ ಮಾರಿಷಸ್ ಸಿಕ್ಕುತ್ತದೆ. ವಿಸ್ತಾರದಲ್ಲಿ ಅದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಡಚ್ಚರು 1710ರಲ್ಲಿ ಬಿಟ್ಟುಹೋದ ಆ ನೆಲವನ್ನು 1715ರಲ್ಲಿ ಫ್ರೆಂಚರು ಹಿಡಿದು, ಫ್ರಾನ್ಸಿನ ದ್ವೀಪ ಎಂಬರ್ಥದ ಹೆಸರನ್ನಿಟ್ಟರು. 1735ರಲ್ಲಿ ಬಂದ ಲಾ ಬೂರ್ದೊನೆ ಎಂಬ ಗವರ್ನರನು ಅಲ್ಲಿಯ ಪೋರ್ಟ್ ಲೂಯಿ ಬಂದರನ್ನು ಬೆಳೆಸಿದನು. 1746ರಲ್ಲಿ ಅಲ್ಲಿಂದಲೇ ನೌಕಾಪಡೆ ಕಟ್ಟಿಕೊಂಡು ಬಂದು ಆಂಗ್ಲರಿಂದ ಮದರಾಸನ್ನು ಕಿತ್ತುಕೊಂಡನು. ಅಂದಿನಿಂದ ಆ ದ್ವೀಪ ಆಂಗ್ಲರಿಗೆ ಮಗ್ಗುಲ ಮುಳ್ಳಾಯಿತು. ಯೂರೋಪಿನಿಂದ ಬರುವ ಫ್ರೆಂಚ್ ಹಡಗು ನೀರು, ಆಹಾರ, ಆಳುಗಳನ್ನು ತುಂಬಿಕೊಳ್ಳುತ್ತಿದ್ದುದು ಅಲ್ಲಿ. ಅದು ಫ್ರೆಂಚರ ಕೈಯಲ್ಲಿರುವವರೆಗೆ ಇಂಡಿಯಾದಲ್ಲಿ ತಮಗೆ ನೆಮ್ಮದಿಯಿಲ್ಲವೆಂದು ಆಂಗ್ಲರು ತಿಳಿದರು. ಅದು ಇರುವವರೆಗೆ ಆಂಗ್ಲರಿಗೆ ಎದುರು ನಿಲ್ಲಬಲ್ಲ ಸ್ನೇಹಿತರು ತನಗುಂಟೆಂದು ಟಿಪ್ಪು ತಿಳಿದನು.

ಆತನು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಪುಸ್ತಕಗಳು ಸಾಮಾನ್ಯವಾಗಿ 1750ನೆಯ ಇಸವಿಯನ್ನು ಕೊಡುತ್ತವೆ. ತಂದೆ ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿಯವರ ವಶದಲ್ಲಿದ್ದ ಮಂಗಳೂರು ಬಂದರೂ ಮೈಸೂರಿನ ಪಾಲಾಯಿತು. ಘಟ್ಟದ ಮೇಲಿನ ರಾಜ್ಯಕ್ಕೆ ಕಡಲಿನ ಬಾಗಿಲು ತೆರೆದಂತಾಯಿತು. 1768ರಲ್ಲಿ ಮುಂಬಯಿಯಿಂದ ಬಂದ ಆಂಗ್ಲರು ಆ ಬಾಗಿಲನ್ನು ಮುಚ್ಚಲು ನೋಡಿದರು. ಹೈದರನೂ ಮಗನೂ ಅದೇ ವರ್ಷ ಅವರನ್ನು ಹಡಗು ಹತ್ತಿಸಿದರು. ಟಿಪ್ಪುವಿಗೆ ಆಗ ಇನ್ನೂ ಮೀಸೆ ಮೂಡುವ ವಯಸ್ಸು. ಯುದ್ಧದ ಪಾಠವನ್ನು ಆತನು ಕಲಿತದ್ದು ಹೀಗೆ, ನಮ್ಮ ಕರಾವಳಿಯಲ್ಲಿಯೇ.

ಮುಂದಿನ ಯುದ್ಧಕ್ಕೆ ಕಾರಣ ಒಂದು ಸಣ್ಣ ಬಂದರು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1778ರಲ್ಲಿ, ಆಂಗ್ಲರಿಗೂ ಫ್ರೆಂಚರಿಗೂ ಮತ್ತೆ ಜಗಳ ಹತ್ತಿತು. ಆಂಗ್ಲರು ಪಾಂಡಿಚೇರಿಯನ್ನು ಹಿಡಿದು, 1779ರಲ್ಲಿ ಮಲಬಾರಿನ ಮಾಹೆಗೂ ಕೈಯಿಕ್ಕಿದರು. ಹೈದರನಿಗೆ ಮದ್ದುಗುಂಡುಗಳು ಬರುತ್ತಿದ್ದುದು ಮಾಹೆಯ ಮೂಲಕ. ಆತನು ಕೆರಳಿ 1780ರಲ್ಲಿ ಕರ್ನಾಟಕ್ ಬಯಲಿಗೆ ಇಳಿದನು. ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾದದ್ದರಲ್ಲಿ ಟಿಪ್ಪುವಿನ ಪಾಲು ದೊಡ್ಡದು. 1781ರ ಕೊನೆಗೆ ಮಾರಿಷಸ್ಸಿನಿಂದ ಹೊರಟ ಫ್ರೆಂಚ್ ನೌಕಾಪಡೆ ಮರುವರ್ಷ ಕೋರಮಂಡಲ ತೀರವನ್ನು ಮುಟ್ಟಿತು; ಅದರ ನಾಯಕ ಸಫ್ರಾಂ ಕಡಲೂರಿನಲ್ಲಿ ಹೈದರನನ್ನು ಕಂಡನು. ಆದರೆ 1782ರ ಡಿಸೆಂಬರಿನಲ್ಲಿ ಹೈದರನು ಹುಣ್ಣಿನ ರೋಗದಿಂದ ತೀರಿಕೊಂಡನು. ಮಲಬಾರಿನಲ್ಲಿ ಯುದ್ಧ ಮಾಡುತ್ತಿದ್ದ ಟಿಪ್ಪುವಿಗೆ ಸಿಂಹಾಸನವೂ ಯುದ್ಧವೂ ಒಟ್ಟಿಗೆ ಬಂದವು.

ಇನ್ನು ಮಂಗಳೂರಿನ ಮುತ್ತಿಗೆ. ಜನರಲ್ ಮ್ಯಾಥ್ಯೂಸನು 1783ರ ಆರಂಭದಲ್ಲಿ ಬಿದನೂರನ್ನೂ ಮಾರ್ಚಿನಲ್ಲಿ ಮಂಗಳೂರನ್ನೂ ಹಿಡಿದನು. ಟಿಪ್ಪು ಬಿರುಸಿನಿಂದ ಬಂದು ಬಿದನೂರನ್ನು ಮರಳಿ ಗೆದ್ದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಒಳಗೆ ಕರ್ನಲ್ ಕ್ಯಾಂಪ್‌ಬೆಲ್ಲನ ಕೈಕೆಳಗೆ ಆಂಗ್ಲರೂ ಸಿಪಾಯಿಗಳೂ ಸೇರಿ ಸುಮಾರು ಮೂರೂವರೆ ಸಾವಿರ ಮಂದಿ. ಹೊರಗೆ ಟಿಪ್ಪುವಿನ ಸೈನ್ಯದೊಡನೆ ಕೊಸಿಞಿ ಎಂಬವನ ಫ್ರೆಂಚ್ ದಳ. ತೋಪಿನ ಕೆಲಸದಲ್ಲಿಯೂ ಕಂದಕ ತೋಡುವುದರಲ್ಲಿಯೂ ಫ್ರೆಂಚರು ನಿಪುಣರು. ಗೋಡೆಗಳು ಬಿರಿಯತೊಡಗಿದವು. ನಮ್ಮ ಕಡೆಯ ಮಳೆಗಾಲ ಎಂಥದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಕಾರ್ತೆಲ್, ಆಟಿ ತಿಂಗಳ ಮಳೆಯಲ್ಲಿ ಕೆಂಪು ಕೆಸರಿನ ನಡುವೆ ತೋಪುಗಳನ್ನು ಎಳೆದುಕೊಂಡು ಆ ಸಾವಿರಾರು ಜನ ಹೇಗೆ ದಿನ ಕಳೆದರೋ!

ಆ ಮಳೆಯ ನಡುವೆ, ಜುಲೈಯಲ್ಲಿ, ಯೂರೋಪಿನಿಂದ ಸುದ್ದಿ ಬಂತು. ಆಂಗ್ಲರೂ ಫ್ರೆಂಚರೂ ವರ್ಸೇಲ್ಸಿನಲ್ಲಿ ರಾಜಿಯಾಗಿದ್ದರು. ರಾಜಿಯ ಮೊದಲ ಪತ್ರಕ್ಕೆ ಸಹಿಯಾದದ್ದು 1783ರ ಜನವರಿ 20ರಂದು. ಎಂದರೆ ಮ್ಯಾಥ್ಯೂಸನು ಮಂಗಳೂರನ್ನು ಹಿಡಿಯುವುದಕ್ಕೆ ಮೊದಲೇ, ಟಿಪ್ಪು ಮುತ್ತಿಗೆ ಹಾಕುವುದಕ್ಕೆ ನಾಲ್ಕು ತಿಂಗಳು ಹಿಂದೆಯೇ, ಆ ಎರಡು ದೇಶಗಳ ಜಗಳ ಮುಗಿದುಹೋಗಿತ್ತು! ಹಡಗು ನಿಧಾನವಾದ್ದರಿಂದ ಇಲ್ಲಿಯವರು ಸಾಯುತ್ತಲೇ ಇದ್ದರು. ಸುದ್ದಿ ಕೇಳಿದೊಡನೆ ಕೊಸಿಞಿ ತನ್ನ ಜನರನ್ನು ಕರೆದುಕೊಂಡು ಮುತ್ತಿಗೆಯಿಂದ ಹಿಂದೆಗೆದನು. ಟಿಪ್ಪುವಿನ ಕೋಪಕ್ಕೆ ಮೇರೆಯಿರಲಿಲ್ಲ. ಕೈಗೆ ಬಂದ ಕೋಟೆಯೆದುರು ಮಿತ್ರನು ಬೆನ್ನು ತೋರಿಸಿದರೆ ಯಾರಿಗೆ ತಾನೆ ಸಹಿಸೀತು? ಆಗಸ್ಟ್ 2ರಂದು ಯುದ್ಧವಿರಾಮವಾಯಿತು. ಆದರೂ ಆತನು ಕೋಟೆಯನ್ನು ಬಿಡಲಿಲ್ಲ. ಹಸಿವೂ ರೋಗವೂ ತೋಪಿಗಿಂತ ಹೆಚ್ಚು ಕೆಲಸ ಮಾಡಿದವು. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ಲನು ಕೋಟೆಯನ್ನು ಒಪ್ಪಿಸಿ ತಲಚೇರಿಯತ್ತ ನಡೆದನು. ಎರಡು ತಿಂಗಳೊಳಗೆ ಮುಂಬಯಿಯಲ್ಲಿ ಸತ್ತನು. ಮಾರ್ಚ್ 11ರಂದು ಮದರಾಸಿನ ಕಮಿಷನರರು ಟಿಪ್ಪುವಿನ ಶಿಬಿರಕ್ಕೇ ಬಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಹಾಕಿದರು.

ಫ್ರೆಂಚರ ಮಾತಿನ ಬೆಲೆಯನ್ನು ಆತನು ಅಂದೇ ಅರಿಯಬೇಕಿತ್ತು ಎಂದು ಹೇಳುವವರುಂಟು. ನನಗೆ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಮರಾಠರು, ನಿಜಾಮನು, ಆಂಗ್ಲರು, ಮೂವರೂ ಸುತ್ತ ನಿಂತಿರುವಾಗ ನಾಲ್ಕನೆಯವನ ಕೈಯನ್ನು ಹಿಡಿಯದೆ ಆತನು ಇನ್ನಾರನ್ನು ಹಿಡಿಯಬೇಕಿತ್ತು?

ಅದೇ 1784ರಲ್ಲಿ ಆತನು ಮಾಡಿಸಿದ ಇನ್ನೊಂದು ಕೆಲಸವನ್ನು ಮರೆಮಾಡಿ ಈ ಚರಿತ್ರೆಯನ್ನು ಹೇಳಲಾಗದು. ಆಂಗ್ಲರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕರಾವಳಿಯ ಕ್ರೈಸ್ತರನ್ನು, ಮುದುಕರು ಮಕ್ಕಳೆನ್ನದೆ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಉಳಿದವರು ಮರಳಿದ್ದು 1799ರ ಮೇಲೆ. ಕೊಡಗಿನವರನ್ನೂ ಹೀಗೆಯೇ ಸೆರೆ ಒಯ್ದನು. ಈ ಎರಡು ಗಾಯಗಳೂ ಮಾಯಲಿಲ್ಲ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಕೊಡಗಿನ ದೊಡ್ಡ ವೀರರಾಜೇಂದ್ರನು ಆಮೇಲೆ ಆಂಗ್ಲರಿಗೆ ತನ್ನ ನಾಡಿನ ದಾರಿಯನ್ನು ತೆರೆದುಕೊಟ್ಟನು. ಕಡಲಾಚೆ ಸ್ನೇಹಿತರನ್ನು ಹುಡುಕುತ್ತಿದ್ದ ಅರಸನಿಗೆ ಬೇಲಿಯಾಚೆಯ ನೆರೆಯವನೇ ಶತ್ರುವಾಗಿದ್ದನು.

ಮಂಗಳೂರಿನ ಬೋಳೂರಿನಲ್ಲಿ ಗುರುಪುರ ಹೊಳೆಯ ದಂಡೆಗೆ ಸುಲ್ತಾನ್ ಬತ್ತೇರಿ ಎಂಬ ಕಾವಲು ಕಟ್ಟಡವಿದೆ. ಶತ್ರುಗಳ ಹಡಗು ಹೊಳೆಯೊಳಗೆ ನುಗ್ಗದಂತೆ ಟಿಪ್ಪು ಕಟ್ಟಿಸಿದ್ದು. ಅದರ ಗೋಡೆಯ ಕಂಡಿಗಳಿಂದ ನಾನು ಇಣಿಕಿ ನೋಡಿದ್ದೇನೆ. ಕೆಳಗೆ ಹೊಳೆ, ಎದುರಿಗೆ ತಣ್ಣೀರುಬಾವಿಯ ಮರಳದಿಣ್ಣೆ, ಅದರಾಚೆ ಕಡಲು. ಬಂದವರನ್ನು ತಡೆಯುವುದಕ್ಕೆ ಒಳ್ಳೆಯ ಜಾಗವೇ. ಆದರೆ ಕಡಲಿನಲ್ಲಿ ಹೋಗಿ ಹೊಡೆಯಲು ಹಡಗು ಬೇಕು. ಆ ಕೊರತೆ ಟಿಪ್ಪುವಿಗೂ ತಿಳಿದಿತ್ತು. ಮಂಗಳೂರಿನಲ್ಲಿ ಯುದ್ಧದ ಹಡಗುಗಳನ್ನು ಕಟ್ಟಿಸುವ ಯೋಜನೆಯನ್ನು ಕೊನೆಯ ವರ್ಷಗಳಲ್ಲಿ ಕೈಗೊಂಡನು. ಅದು ಪೂರೈಸಲು ಕಾಲ ಸಾಲಲಿಲ್ಲ.

1787ರಲ್ಲಿ ಆತನ ಮೂವರು ರಾಯಭಾರಿಗಳು ಪಾಂಡಿಚೇರಿಯಲ್ಲಿ ಹಡಗೇರಿ, ಮಾರಿಷಸ್ಸಿನಲ್ಲಿ ತಂಗಿ, ಮರುವರ್ಷ ಫ್ರಾನ್ಸನ್ನು ತಲುಪಿದರು. 1788ರ ಆಗಸ್ಟಿನಲ್ಲಿ ಹದಿನಾರನೆಯ ಲೂಯಿ ವರ್ಸೇಲ್ಸಿನಲ್ಲಿ ಅವರಿಗೆ ದರ್ಶನವಿತ್ತನು. ಪಿಂಗಾಣಿ ಪಾತ್ರೆಗಳೂ ಕೆಲವರು ಕುಶಲಕರ್ಮಿಗಳೂ ದೊರೆತರು, ಸೈನ್ಯ ದೊರೆಯಲಿಲ್ಲ. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. 1790ರಲ್ಲಿ ಕಾರ್ನ್‌ವಾಲಿಸನೊಡನೆ ಮೊದಲಾದ ಯುದ್ಧದಲ್ಲಿ ಫ್ರೆಂಚರು ಕೈ ಚಾಚಲಿಲ್ಲ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಹೋದುವು. ಎಳೆಯ ಮಕ್ಕಳಿಬ್ಬರು ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು. ಮಂಗಳೂರು ಮಾತ್ರ ಕೈಯಲ್ಲಿ ಉಳಿಯಿತು.

ಆ ಮಂಗಳೂರಿಗೆ 1797ರಲ್ಲಿ ಕೆಟ್ಟುಹೋದ ಹಡಗೊಂದು ಬಂತು. ಅದರ ಒಡೆಯ ರಿಪೋ ಎಂಬ ಫ್ರೆಂಚನು. ಶತ್ರುಗಳ ವರ್ತಕ ಹಡಗುಗಳನ್ನು ದೋಚುವ ಕಸುಬಿನವನು. ಮಾರಿಷಸ್ಸಿನಲ್ಲಿ ತಾನು ದೊಡ್ಡ ಅಧಿಕಾರಿಯೆಂದೂ, ಸುಲ್ತಾನನ ನೆರವಿಗೆ ಬರಲು ಅಲ್ಲಿ ಹತ್ತು ಸಾವಿರ ಸೈನಿಕರು ಕಾದಿರುವರೆಂದೂ ಹೇಳಿಕೊಂಡನು. ಮಂತ್ರಿಗಳು ನಂಬಲಿಲ್ಲ. ಟಿಪ್ಪು ನಂಬಿದನು, ನಂಬಲು ಹಂಬಲಿಸಿದನು ಎನ್ನುವುದು ಸರಿಯಾದೀತು. ನಿಜಸ್ಥಿತಿಯೇನೆಂದರೆ, ಆ ದ್ವೀಪದಲ್ಲಿ ಕಳಿಸಿಕೊಡಲು ಸೈನ್ಯವೇ ಇರಲಿಲ್ಲ. ಗುಲಾಮಗಿರಿಯನ್ನು ರದ್ದುಮಾಡಬೇಕೆಂದು ಪ್ಯಾರಿಸ್ಸಿನಿಂದ ಬಂದ ಪ್ರತಿನಿಧಿಗಳನ್ನು ಅಲ್ಲಿಯ ತೋಟದ ಯಜಮಾನರು 1796ರಲ್ಲಿ ಹಡಗು ಹತ್ತಿಸಿ ಅಟ್ಟಿದ್ದರು. ತನ್ನ ಸರಕಾರದ ಮಾತನ್ನೇ ಕೇಳದ ದ್ವೀಪ ಅದು!

ಅಕ್ಟೋಬರಿನಲ್ಲಿ ಹಸನ್ ಅಲಿ, ಶೇಖ್ ಇಬ್ರಾಹಿಂ ಎಂಬ ಇಬ್ಬರು ದೂತರು ರಿಪೋನೊಡನೆ ವರ್ತಕರ ವೇಷದಲ್ಲಿ ಮಂಗಳೂರಿನಿಂದ ಹೊರಟರು. ಎಲ್ಲವೂ ಗುಟ್ಟಾಗಿರಬೇಕೆಂದು ಸುಲ್ತಾನನ ಅಪ್ಪಣೆ. 1798ರ ಜನವರಿಯಲ್ಲಿ ಅವರು ಪೋರ್ಟ್ ಲೂಯಿಯಲ್ಲಿ ಇಳಿದಾಗ ಗವರ್ನರ್ ಮಲಾರ್ತಿಕನು ತೋಪು ಹಾರಿಸಿ ಬಹಿರಂಗವಾಗಿ ಸ್ವಾಗತಿಸಿದನು. ಅಷ್ಟು ಸಾಲದೆ, ಜನವರಿ 30ರಂದು, ಆಂಗ್ಲರ ಮೇಲೆ ಯುದ್ಧಕ್ಕಾಗಿ ಸುಲ್ತಾನನು ನೆರವು ಕೇಳಿದ್ದಾನೆಂದೂ ಇಷ್ಟವಿದ್ದವರು ಸೇರಬಹುದೆಂದೂ ಊರಿಗೆಲ್ಲ ಕಾಣುವಂತೆ ಘೋಷಣಾಪತ್ರವನ್ನು ಅಂಟಿಸಿದನು. ಇಂಥ ಕೆಲಸವನ್ನು ಮುದಿ ಗವರ್ನರನು ಪೆದ್ದತನದಿಂದ ಮಾಡಿದನೋ, ಕೊಡಲು ಏನೂ ಇಲ್ಲದವನ ಬಡಾಯಿಯಿಂದ ಮಾಡಿದನೋ. ಎರಡನೆಯದೇ ಇರಬೇಕೆಂದು ನನಗೆ ತೋರುತ್ತದೆ. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು ಮಂದಿ. ಹತ್ತು ಸಾವಿರವೆಲ್ಲಿ, ನೂರೆಲ್ಲಿ!

ಆದರೆ ಆ ಕಾಗದ ಅವರಿಗಿಂತ ಬಲವಾಗಿತ್ತು. ಜೂನಿನಲ್ಲಿ ಅದು ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ, ಆಗತಾನೆ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಣ್ಣಿಗೆ ಬಿತ್ತು. ಮೈಸೂರನ್ನು ಮುರಿಯಲು ಆತನಿಗೆ ಬೇಕಾಗಿದ್ದ ನೆಪ ಅಚ್ಚಿನಲ್ಲಿಯೇ ಸಿಕ್ಕಿತು. ನೂರು ಜನರಿಂದ ಕಂಪನಿಗೆ ಅಪಾಯವಿಲ್ಲವೆಂದು ಆತನಿಗೆ ತಿಳಿಯದ್ದಲ್ಲ. ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದದ್ದು ಆಂಗ್ಲರ ಭಯಕ್ಕೂ ಆತುರಕ್ಕೂ ಇನ್ನಷ್ಟು ಗಾಳಿಯೂದಿತು. ಆತನು 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಬರೆದ ಓಲೆ ದಾರಿಯಲ್ಲೇ ಆಂಗ್ಲರ ಕೈಸೇರಿತು. ಸುಲ್ತಾನನು ಅದನ್ನು ಓದಲೇ ಇಲ್ಲ.

ಮದರಾಸಿನ ಸೈನ್ಯ ಮೂಡಣದಿಂದಲೂ ಮುಂಬಯಿಯದು ಕೊಡಗಿನ ದಾರಿಯಿಂದಲೂ ಬಂದವು. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವಾದ ಶ್ರೀರಂಗಪಟ್ಟಣ 1799ರ ಮೇ 4ರ ಮಧ್ಯಾಹ್ನ ಬಿತ್ತು. ಟಿಪ್ಪು ಓಡಿಹೋಗಲಿಲ್ಲ, ಕೋಟೆಯ ಬಾಗಿಲಿನ ಬಳಿ ಹೆಣಗಳ ರಾಶಿಯ ನಡುವೆ ಆತನ ದೇಹ ದೀವಟಿಗೆಯ ಬೆಳಕಿನಲ್ಲಿ ಸಿಕ್ಕಿತು. ಮಾರಿಷಸ್ಸಿನಿಂದ ಬಂದಿದ್ದವರ ನಾಯಕ ಶಾಪುಯಿ ಶರಣಾಗಿ ಸೆರೆಯಾದನು. ಮಂಗಳೂರು ಕಂಪನಿಯದಾಯಿತು. ನಮ್ಮ ಪುತ್ತೂರು, ಅಮರಸುಳ್ಯದ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದು, 1834ರಲ್ಲಿ ಕೊಡಗೇ ಕಂಪನಿಗೆ ಸೇರಿದಾಗ ಕನ್ನಡ ಜಿಲ್ಲೆಗೆ ಬಂದವು.

ದ್ವೀಪದ ಸರದಿ ಬಂದದ್ದು 1810ರಲ್ಲಿ. ಆಗಸ್ಟಿನ ಕಡಲ ಕಾಳಗದಲ್ಲಿ ಫ್ರೆಂಚರು ಗೆದ್ದರೂ, ಡಿಸೆಂಬರ್ 3ರಂದು ಅದನ್ನು ಒಪ್ಪಿಸಿಕೊಟ್ಟರು. ಅಲ್ಲಿ ಇಳಿದ ಆಂಗ್ಲ ಸೈನ್ಯದಲ್ಲಿ ಮದರಾಸು, ಬಂಗಾಳದ ಸಿಪಾಯಿಗಳೂ ಇದ್ದರು. ದ್ವೀಪದ ಫ್ರೆಂಚರಿಗೆ ತಮ್ಮ ಕಾನೂನು, ಧರ್ಮ, ಆಚಾರಗಳನ್ನು ಉಳಿಸಿಕೊಳ್ಳಲು ಆಂಗ್ಲರು ಒಪ್ಪಿದರು. ತೋಟಗಳೂ ಅವರಿಗೇ ಉಳಿದವು. ಟಿಪ್ಪುವಿನ ಮಕ್ಕಳು ಆ ವೇಳೆಗೆ ವೇಲೂರಿನಿಂದ ಕಲ್ಕತ್ತೆಗೆ ಸಾಗಿಸಲ್ಪಟ್ಟು, ಕಂಪನಿಯ ಪಿಂಚಣಿಯ ಮೇಲೆ ದಿನ ಕಳೆಯುತ್ತಿದ್ದರು.