ನಲವತ್ತು ಸಲ ಓದಿದ ಪುಸ್ತಕ: ಇಬ್ನ್ ಸೀನಾ ಮತ್ತು ನೆನಪಿನ ಶಕ್ತಿ



ರಾತ್ರಿಯೆಲ್ಲ ಕುಳಿತು ಬಾಯಿಪಾಠ ಮಾಡಿದ ಉತ್ತರ ಪರೀಕ್ಷೆಯ ಕೊಠಡಿಯಲ್ಲಿ ಮರೆತುಹೋದ ಅನುಭವ ನಿಮಗೂ ಆಗಿರಬಹುದು. ತನಗೆ ಜ್ಞಾಪಕ ಶಕ್ತಿಯೇ ಇಲ್ಲವೆಂದು ನೀವು ಕೊರಗಿರಲೂಬಹುದು. ಓದು ತಲೆಗೆ ಹತ್ತುವುದಿಲ್ಲವೆಂದು ಶಾಲೆ ಬಿಟ್ಟ ಮಕ್ಕಳನ್ನು ನಾವು ನಮ್ಮ ಮೊಹಲ್ಲಾಗಳಲ್ಲಿ ಕಂಡಿದ್ದೇವೆ. ಹಾಗೆ ತೀರ್ಮಾನ ಮಾಡುವ ಮೊದಲು, ಒಂದು ಪುಸ್ತಕವನ್ನು ನಲವತ್ತು ಸಲ ಓದಿಯೂ ಅರ್ಥವಾಗದೆ ಕೈಚೆಲ್ಲಿದ ಒಬ್ಬ ತರುಣನ ಜೀವನವನ್ನು ತಿಳಿಯಿರಿ. ಮುಂದೆ ಜಗತ್ತಿನ ಮಹಾ ವೈದ್ಯರಲ್ಲಿ ಒಬ್ಬರೆನಿಸಿದ ಇಬ್ನ್ ಸೀನಾ ಅವರೇ ಆ ತರುಣ.

ಇಬ್ನ್ ಸೀನಾ ಹುಟ್ಟಿದ್ದು 980ರಲ್ಲಿ, ಈಗಿನ ಉಜ್ಬೇಕಿಸ್ತಾನದ ಬುಖಾರಾ ನಗರದ ಬಳಿಯ ಅಫ್‌ಶಾನಾ ಎಂಬ ಹಳ್ಳಿಯಲ್ಲಿ. ಹತ್ತನೇ ವಯಸ್ಸಿಗೇ ಪವಿತ್ರ ಕುರ್‌ಆನ್ ಅವರಿಗೆ ಕಂಠಪಾಠವಾಗಿತ್ತು. ತರಕಾರಿ ಮಾರುವವನೊಬ್ಬನಿಂದ ಅವರು ಭಾರತೀಯ ಲೆಕ್ಕಾಚಾರದ ಪದ್ಧತಿ ಕಲಿತರು. ಹದಿನಾರರ ಹೊತ್ತಿಗೆ ವೈದ್ಯ ಗ್ರಂಥಗಳನ್ನು ಓದಿ, ರೋಗಿಗಳನ್ನು ನೋಡತೊಡಗಿದ್ದರು.

ಇಂತಹ ಬುದ್ಧಿವಂತರನ್ನೂ ಒಂದು ಪುಸ್ತಕ ಸೋಲಿಸಿತು. ಅದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಮೆಟಾಫಿಸಿಕ್ಸ್. ಓದಿ ಓದಿ ಅದರ ಪ್ರತಿಯೊಂದು ಮಾತೂ ಬಾಯಿಗೆ ಬಂತು, ಆದರೆ ಅದರ ಉದ್ದೇಶ ಮಾತ್ರ ತಿಳಿಯಲಿಲ್ಲ. ಒಂದು ದಿನ ಪುಸ್ತಕದ ಸಂತೆಯಲ್ಲಿ ವ್ಯಾಪಾರಿಯೊಬ್ಬ ಚಿಕ್ಕದೊಂದು ಪುಸ್ತಕವನ್ನು ಮೂರು ದಿರ್ಹಮ್‌ಗೆ ಕೊಡಲು ಬಂದ. ಇವರು ಬೇಡವೆಂದರು. ಅದರ ಒಡೆಯನಿಗೆ ಹಣದ ಅಡಚಣೆಯಿದೆಯೆಂದು ಆತ ಒತ್ತಾಯ ಮಾಡಿದ್ದರಿಂದ ಕೊಂಡರು. ಅದು ಅರಿಸ್ಟಾಟಲನ ಆ ಗ್ರಂಥದ ಉದ್ದೇಶವನ್ನೇ ಕುರಿತು ಅಲ್-ಫಾರಾಬಿ ಬರೆದಿದ್ದ ಪುಸ್ತಕವಾಗಿತ್ತು. ಮನೆಗೆ ಬಂದು ಓದುತ್ತಿದ್ದಂತೆ, ಮೊದಲೇ ಬಾಯಿಪಾಠವಾಗಿದ್ದ ಮಾತುಗಳಿಗೆಲ್ಲ ಅರ್ಥ ಹೊಳೆಯಿತು. ಆ ಸಂತೋಷಕ್ಕೆ ಮರುದಿನ ಬಡವರಿಗೆ ದಾನ ಮಾಡಿದರು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಲವತ್ತು ಸಲದ ಓದು ವ್ಯರ್ಥವಾಗಲಿಲ್ಲ. ಆದರೆ ಅರ್ಥ ಕೂಡಿಬರುವವರೆಗೆ ಅದು ಉಪಯೋಗಕ್ಕೂ ಬರಲಿಲ್ಲ.

ಬುಖಾರಾದ ಅರಸ ನೂಹ್ ಬಿನ್ ಮನ್ಸೂರ್ ಕಾಯಿಲೆ ಬಿದ್ದಾಗ ಇಬ್ನ್ ಸೀನಾ ಚಿಕಿತ್ಸೆಯಲ್ಲಿ ಪಾಲ್ಗೊಂಡರು. ಅದರಿಂದ ಅರಮನೆಯ ಗ್ರಂಥಾಲಯ ಅವರಿಗೆ ತೆರೆಯಿತು. ಆದರೆ ಮುಂದಿನ ಬದುಕು ಸುಖವಾಗಿರಲಿಲ್ಲ. ತಂದೆ ತೀರಿಕೊಂಡರು, ರಾಜ್ಯ ಕುಸಿಯಿತು, ಊರಿಂದೂರಿಗೆ ಅಲೆಯಬೇಕಾಯಿತು. ಇರಾನಿನ ಹಮದಾನ್‌ನಲ್ಲಿ ಮಂತ್ರಿಯಾದರು. ಅಲ್ಲಿನ ಅರಸ ತೀರಿಕೊಂಡ ಮೇಲೆ ಅಬೂ ಗಾಲಿಬ್ ಎಂಬ ಔಷಧಿ ವ್ಯಾಪಾರಿಯ ಮನೆಯಲ್ಲಿ ತಲೆಮರೆಸಿಕೊಳ್ಳಬೇಕಾಯಿತು. ಕೈಯಲ್ಲಿ ಒಂದು ಪುಸ್ತಕವೂ ಇರಲಿಲ್ಲ. ಶಿಷ್ಯ ಅಲ್-ಜುಝ್‌ಜಾನಿ, ಅರ್ಧಕ್ಕೆ ನಿಂತಿದ್ದ ಅಲ್-ಶಿಫಾ ಗ್ರಂಥವನ್ನು ಮುಗಿಸಬೇಕೆಂದು ಕೇಳಿಕೊಂಡರು. ಇಬ್ನ್ ಸೀನಾ ಕಾಗದ, ಶಾಯಿ ತರಿಸಿ, ಎರಡು ದಿನಗಳಲ್ಲಿ ಮುಖ್ಯ ವಿಷಯಗಳ ಪಟ್ಟಿಯನ್ನು ನೆನಪಿನಿಂದಲೇ ಬರೆದರು. ಬಳಿಕ ಒಂದೊಂದನ್ನೇ ಎತ್ತಿಕೊಂಡು ದಿನಕ್ಕೆ ಐವತ್ತು ಹಾಳೆಯಂತೆ ವಿವರಿಸುತ್ತಾ ಹೋದರು. ಆಮೇಲೆ ಸಿಕ್ಕಿಬಿದ್ದು ನಾಲ್ಕು ತಿಂಗಳು ಕೋಟೆಯೊಂದರಲ್ಲಿ ಸೆರೆಯಾದಾಗಲೂ ಬರೆಯುವುದನ್ನು ಬಿಡಲಿಲ್ಲ. ಅರ್ಥ ಮಾಡಿಕೊಂಡು ಕಲಿತದ್ದನ್ನು ಯಾರೂ ಅವರಿಂದ ಕಸಿಯಲು ಸಾಧ್ಯವಾಗಲಿಲ್ಲ.

ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಅವರು ಅಲ್-ಶಿಫಾದಲ್ಲಿ ವಿವರಿಸಿದ್ದಾರೆ. ನೋಡಿದ ವಸ್ತುವಿನ ರೂಪವನ್ನು ಉಳಿಸಿಕೊಳ್ಳುವ ಶಕ್ತಿ ಒಂದು, ಅದರ ಅರ್ಥವನ್ನು ಕಾಯ್ದಿಡುವ ಶಕ್ತಿ ಇನ್ನೊಂದು ಎಂದು ಬೇರ್ಪಡಿಸಿದರು. ಮೊದಲನೆಯದು ಖಯಾಲ್, ಎರಡನೆಯದು ಹಾಫಿಝಾ. ಕುರಿಗೆ ತೋಳದ ಆಕಾರ ಕಾಣುತ್ತದೆ, ಅದು ಅಪಾಯವೆಂಬುದೂ ತಿಳಿಯುತ್ತದೆ. ಇವೆರಡೂ ಬೇರೆ ಬೇರೆ ಎಂಬುದು ಅವರ ಉದಾಹರಣೆ. ತಾನಾಗಿ ನೆನಪಾಗುವುದು ಪ್ರಾಣಿಗಳಿಗೂ ಉಂಟು, ಮರೆತದ್ದನ್ನು ಹುಡುಕಿ ತೆಗೆಯುವುದು ಮನುಷ್ಯನಿಗೆ ಮಾತ್ರ ಸಾಧ್ಯ ಎಂದೂ ಹೇಳಿದರು. ಈ ಶಕ್ತಿಗಳಿಗೆ ಅವರು ಮೆದುಳಿನ ಕುಹರಗಳಲ್ಲಿ ಜಾಗ ಗುರುತಿಸಿದ್ದು ಸರಿಯಲ್ಲವೆಂದು ಇಂದು ಗೊತ್ತಾಗಿದೆ. ಆದರೆ ನೆನಪು ಒಂದೇ ಬಗೆಯದಲ್ಲ ಎಂಬ ಅವರ ಮಾತು ನಿಂತಿದೆ.

ಇಂದಿನ ವಿಜ್ಞಾನ ನೆನಪನ್ನು ಮುಖ್ಯವಾಗಿ ಹೀಗೆ ವಿಂಗಡಿಸುತ್ತದೆ. ಯಾರೋ ಹೇಳಿದ ಫೋನ್ ನಂಬರನ್ನು ಒತ್ತುವವರೆಗೆ ಹಿಡಿದಿಡುವುದು ಅಲ್ಪಾವಧಿ ನೆನಪು. ದೀರ್ಘಾವಧಿ ನೆನಪಿನಲ್ಲಿ ಹಲವು ಬಗೆಗಳಿವೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದುದನ್ನು ನೀವು ಹೋಗಿ ನೋಡಿದ್ದರೆ, ಆ ದಿನದ ಚಿತ್ರ ಘಟನೆಯ ನೆನಪು. ಅದಕ್ಕೆ ಮೊದಲು 1933ರಲ್ಲಿ ಅದು ಕೋಡಿ ಬಿದ್ದಿತ್ತು ಎಂದು ಓದಿ ತಿಳಿದಿರುವುದು ತಿಳಿವಳಿಕೆಯ ನೆನಪು. ಸೈಕಲ್ ಹೊಡೆಯುವುದು, ಹೊಲಿಗೆ ಹಾಕುವುದು ಕೌಶಲದ ನೆನಪು.

ಇವು ಬೇರೆ ಬೇರೆ ಎಂಬುದಕ್ಕೆ ಅಮೆರಿಕದ ಹೆನ್ರಿ ಮೊಲೈಸನ್ ಸಾಕ್ಷಿಯಾದರು. ಮೂರ್ಛೆರೋಗಕ್ಕಾಗಿ 1953ರಲ್ಲಿ ಅವರ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆಯಲಾಯಿತು. ಆಮೇಲೆ ನಡೆದ ಯಾವ ಘಟನೆಯೂ ಅವರಿಗೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೂ ಕನ್ನಡಿಯಲ್ಲಿ ನೋಡಿ ನಕ್ಷತ್ರದ ಗೆರೆ ತಿದ್ದುವುದರಲ್ಲಿ ದಿನದಿನಕ್ಕೆ ಪಳಗಿದರು. ಹಿಂದೆ ಅದನ್ನು ಮಾಡಿದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಜಿಲ್ಲೆಯನ್ನೇ ನೋಡಿ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಜನಪದ ಹಾಡುಗಳು ಅವರ ನೆನಪಿನಲ್ಲಿದ್ದವು. ಮತ್ತೆ ಮತ್ತೆ ಹಾಡಿಯೇ ಅವು ಉಳಿದವು.

ಹಾಗಾದರೆ ನೀವು ಏನು ಮಾಡಬೇಕು? ಜರ್ಮನಿಯ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ಪ್ರಕಾರ, ಕಲಿತ ಮೊದಲ ಗಂಟೆಗಳಲ್ಲೇ ಮರೆವು ಹೆಚ್ಚು, ಆಮೇಲೆ ಅದು ನಿಧಾನವಾಗುತ್ತದೆ. ಒಂದೇ ರಾತ್ರಿ ಓದುವುದಕ್ಕಿಂತ ದಿನ ಬಿಟ್ಟು ದಿನ ಓದಿದರೆ ಹೆಚ್ಚು ಉಳಿಯುತ್ತದೆ. ಮೊದಲು ಅರ್ಥ ಕೇಳಿ ತಿಳಿಯಿರಿ, ಕೇಳಲು ನಾಚಬೇಡಿ. ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆಯಿರಿ. ಬಿಟ್ಟುಹೋದದ್ದನ್ನು ಮತ್ತೆ ನೋಡಿ. ನಿದ್ದೆಗೆಡಬೇಡಿ, ಕಲಿತದ್ದು ಮೆದುಳಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು.

ಇಬ್ನ್ ಸೀನಾ 1037ರ ರಮಝಾನ್ ತಿಂಗಳಿನಲ್ಲಿ ಹಮದಾನ್‌ನಲ್ಲಿ ನಿಧನರಾದರು. ಐದು ಸಂಪುಟಗಳ ಅವರ ಅಲ್-ಖಾನೂನ್ ಗ್ರಂಥವನ್ನು ಯುನಾನಿ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಹರೆಯದಲ್ಲಿ ತಮ್ಮ ನೆನಪು ಚುರುಕಾಗಿತ್ತು, ವಯಸ್ಸಾದ ಮೇಲೆ ಅರಿವು ಮಾಗಿತು ಎಂದು ಅವರು ತಮ್ಮ ಬಗ್ಗೆ ಹೇಳಿಕೊಂಡಿದ್ದಾರೆ. ಆ ಚುರುಕಿನ ವಯಸ್ಸು ಈಗ ನಿಮ್ಮದು. ನಿಮ್ಮ ಓಣಿಯಲ್ಲಿ ದಡ್ಡನೆಂದು ಕರೆಸಿಕೊಂಡ ಮಗುವೊಂದಿದ್ದರೆ, ಅದರ ಜೊತೆ ಕುಳಿತು ಒಂದು ಪಾಠದ ಅರ್ಥ ಬಿಡಿಸಿ ಹೇಳಿ. ಮೂರು ದಿರ್ಹಮ್‌ನ ಆ ಚಿಕ್ಕ ಪುಸ್ತಕ ಮಾಡಿದ ಕೆಲಸವನ್ನು ನೀವೂ ಮಾಡಬಲ್ಲಿರಿ.