ಅಳುವ ಮಗುವನ್ನು ಎತ್ತಿಕೊಂಡರೆ ಹಾಳಾಗುತ್ತದೆಯೇ? ಉತ್ತರ ಹುಡುಕಿದ ಜಾನ್ ಬೋಲ್ಬಿ ಕಥೆ

ಎಳೆ ಮಕ್ಕಳ ಬಗ್ಗೆ ಎರಡು ಬಗೆಯ ಸಂದೇಶಗಳು ನಮ್ಮ ಮೊಬೈಲ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಅತ್ತಾಗಲೆಲ್ಲ ಎತ್ತಿಕೊಂಡರೆ ಮಗುವಿಗೆ ಕೈ ಅಭ್ಯಾಸವಾಗಿ ಹಠಮಾರಿಯಾಗುತ್ತದೆ ಎನ್ನುವುದು ಒಂದು. ತಾಯಿ ಕೆಲಸಕ್ಕೆ ಹೋದರೆ ಮಗುವಿನ ಮನಸ್ಸು ಶಾಶ್ವತವಾಗಿ ಹಾಳಾಗುತ್ತದೆ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಏಕೆಂದು ತಿಳಿಯಲು ನಾವು ಬ್ರಿಟನ್‌ನ ಮನೋವೈದ್ಯ ಜಾನ್ ಬೋಲ್ಬಿ ಅವರ ಬದುಕನ್ನು ನೋಡೋಣ.

ಬೋಲ್ಬಿ ಹುಟ್ಟಿದ್ದು 1907ರಲ್ಲಿ, ಲಂಡನ್‌ನಲ್ಲಿ. ತಂದೆ ಹೆಸರಾಂತ ಶಸ್ತ್ರವೈದ್ಯ. ಅಂದಿನ ಶ್ರೀಮಂತ ಮನೆಗಳಲ್ಲಿ ಮಕ್ಕಳನ್ನು ಸಾಕುತ್ತಿದ್ದುದು ದಾದಿಯರು. ಹೆಚ್ಚು ಮುದ್ದು ಮಾಡಿದರೆ ಮಕ್ಕಳು ಕೆಡುತ್ತಾರೆ ಎಂಬ ನಂಬಿಕೆ ಆಗಲೂ ಇತ್ತು. ಪುಟ್ಟ ಜಾನ್ ತಾಯಿಯನ್ನು ನೋಡುತ್ತಿದ್ದುದು ದಿನಕ್ಕೆ ಸುಮಾರು ಒಂದು ಗಂಟೆ. ಅವನನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದ ದಾದಿ, ಅವನಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಕೆಲಸ ಬಿಟ್ಟು ಹೋದರು. ಆ ನೋವನ್ನು ಅವರು ದೊಡ್ಡವರಾದ ಮೇಲೂ ಮರೆಯಲಿಲ್ಲ.

ಕೇಂಬ್ರಿಡ್ಜ್‌ನಲ್ಲಿ ಓದಿದ ಬಳಿಕ ಅವರು ಕೆಲಕಾಲ ತೊಂದರೆಗೊಳಗಾದ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದರು. ನಂತರ ವೈದ್ಯರಾಗಿ, ಲಂಡನ್‌ನ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ ಸೇರಿದರು. ಅಲ್ಲಿ ಕಳ್ಳತನ ಮಾಡಿದ 44 ಮಕ್ಕಳನ್ನು, ಕಳ್ಳತನ ಮಾಡದ ಬೇರೆ 44 ಮಕ್ಕಳ ಜೊತೆ ಹೋಲಿಸಿದರು. 1944ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಕದ್ದವರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಮಮತೆ ಇರಲಿಲ್ಲ. ಆ 14ರಲ್ಲಿ 12 ಮಕ್ಕಳು ಎಳವೆಯಲ್ಲೇ ಸಾಕುವವರಿಂದ ದೀರ್ಘಕಾಲ ದೂರವಾಗಿದ್ದರು. ಹಾಗೆಂದು ಇದೇ ಅಂತಿಮ ಪುರಾವೆಯಲ್ಲ. ಮಕ್ಕಳ ಸಂಖ್ಯೆ ಚಿಕ್ಕದು. ಮಕ್ಕಳನ್ನು ಪರೀಕ್ಷಿಸಿ ಗುಂಪು ಮಾಡಿದವರೂ ಬೋಲ್ಬಿಯವರೇ. ಆದರೆ ಮುಂದಿನ ಹುಡುಕಾಟಕ್ಕೆ ಅದು ದಾರಿ ತೋರಿಸಿತು.

ಅಂದಿನ ಬ್ರಿಟನ್‌ನ ಹಲವು ಆಸ್ಪತ್ರೆಗಳಲ್ಲಿ ಮಗು ದಾಖಲಾದರೆ ತಂದೆತಾಯಿಗೆ ವಾರಕ್ಕೊಮ್ಮೆ ಮಾತ್ರ ಭೇಟಿಗೆ ಅವಕಾಶ. ಕೆಲವೆಡೆ ಅದೂ ಇರಲಿಲ್ಲ. ಸೋಂಕು ತಗಲುತ್ತದೆ, ಪಾಲಕರು ಬಂದು ಹೋದರೆ ಮಕ್ಕಳು ಇನ್ನಷ್ಟು ಅಳುತ್ತಾರೆ ಎನ್ನುವುದು ವೈದ್ಯರ ವಾದ. ಬಿಟ್ಟುಬಿಟ್ಟರೆ ಎರಡು ಮೂರು ದಿನದಲ್ಲಿ ಮಗು ಸುಮ್ಮನಾಗುತ್ತದೆ ಎಂದು ಅವರು ನಂಬಿದ್ದರು.

ಬೋಲ್ಬಿ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಆ ಮೌನವನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು. ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ. ಆಮೇಲೆ ಹತಾಶೆಯಿಂದ ಮಂಕಾಗುತ್ತದೆ. ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುತ್ತದೆ. ಅಂದರೆ ಮಗು ಸಮಾಧಾನಗೊಂಡಿಲ್ಲ, ಆಸೆ ಬಿಟ್ಟಿದೆ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಆಗ ರಾಬರ್ಟ್‌ಸನ್ ಕೈಯಲ್ಲಿ ಹಿಡಿಯುವ ಕ್ಯಾಮೆರಾ ತಂದರು. ಚಿಕ್ಕ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ, ಎರಡೂವರೆ ವರ್ಷವೂ ತುಂಬದ ಹುಡುಗಿಯೊಬ್ಬಳನ್ನು ಚಿತ್ರೀಕರಿಸಿದರು. ಬೇಕಾದ ದೃಶ್ಯವನ್ನಷ್ಟೇ ಆರಿಸಿದರು ಎಂಬ ಆರೋಪ ಬರಬಾರದೆಂದು ದಿನವೂ ನಿಗದಿತ ಸಮಯಕ್ಕೆ ಚಿತ್ರ ತೆಗೆದರು. 1952ರಲ್ಲಿ ಚಿತ್ರ ತೋರಿಸಿದಾಗ ಹಲವು ವೈದ್ಯರು ಸಿಟ್ಟಾದರು. ಆದರೂ ಅಭಿಪ್ರಾಯ ನಿಧಾನವಾಗಿ ಬದಲಾಯಿತು. 1959ರಲ್ಲಿ ಬ್ರಿಟನ್‌ನ ಪ್ಲಾಟ್ ಸಮಿತಿ, ಮಕ್ಕಳ ವಾರ್ಡ್‌ಗೆ ಪಾಲಕರು ಯಾವಾಗ ಬೇಕಾದರೂ ಬರುವಂತಿರಬೇಕು ಎಂದು ಶಿಫಾರಸು ಮಾಡಿತು.

ಈ ನಡುವೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬೋಲ್ಬಿ ಬರೆದ ವರದಿ 1951ರಲ್ಲಿ ಹೊರಬಂತು. ಎಳೆ ಮಗುವಿಗೆ ತಾಯಿಯೊಂದಿಗೆ, ಇಲ್ಲವೇ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಲ್ಲುವವರೊಂದಿಗೆ, ಬೆಚ್ಚಗಿನ ನಿರಂತರ ಸಂಬಂಧ ಬೇಕು ಎನ್ನುವುದು ಅದರ ಸಾರ. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲಿಗಾಗಿ ಮಾತ್ರ ಎಂಬ ಅಂದಿನ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಅಪಾಯ ಬಂದಾಗ ನಂಬಿದವರ ಹತ್ತಿರ ಓಡುವ ಮರಿ ಬದುಕುಳಿಯುತ್ತದೆ. ಅಳುವುದು, ಅಂಟಿಕೊಳ್ಳುವುದು ವಿಕಾಸದಲ್ಲಿ ಬಂದ ರಕ್ಷಣೆ ಎಂದು ವಿವರಿಸಿದರು. ಇದನ್ನೇ ಬಾಂಧವ್ಯ ಸಿದ್ಧಾಂತ ಎನ್ನುತ್ತಾರೆ.

ಹಾಗಾದರೆ ಎತ್ತಿಕೊಂಡರೆ ಹಠ ಹೆಚ್ಚುತ್ತದೆಯೇ? ಬೋಲ್ಬಿ ಜೊತೆ ಕೆಲಸ ಮಾಡಿದ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಕುಟುಂಬಗಳ ಮನೆಗೇ ಹೋಗಿ ಮಕ್ಕಳನ್ನು ಗಮನಿಸಿದರು. ಅತ್ತಾಗ ಬೇಗ ಸ್ಪಂದನೆ ಸಿಕ್ಕ ಮಕ್ಕಳು, ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದರು. ಇದು ಚಿಕ್ಕ ಅಧ್ಯಯನ, ಇದರ ಮೇಲೆ ಚರ್ಚೆಯೂ ನಡೆದಿದೆ. ಆದರೆ ಪ್ರೀತಿಯಿಂದ ಸ್ಪಂದಿಸಿದರೆ ಸುರಕ್ಷಿತ ಬಾಂಧವ್ಯಕ್ಕೆ ನೆರವಾಗುತ್ತದೆ ಎಂಬುದನ್ನು ನಂತರದ ಅಧ್ಯಯನಗಳೂ ತೋರಿಸಿವೆ. ಧೈರ್ಯ ಸಿಕ್ಕ ಮಗುವೇ ದೂರ ಹೋಗಿ ಆಡುತ್ತದೆ, ಹೆದರಿದಾಗ ಮರಳಿ ಬರುತ್ತದೆ.

ಬೋಲ್ಬಿ ಎಲ್ಲದರಲ್ಲೂ ಸರಿಯಾಗಿದ್ದರೇ? ಇಲ್ಲ. ಅವರ ಬರಹದಲ್ಲಿ ತಾಯಿಗೇ ಹೆಚ್ಚು ಒತ್ತು ಇತ್ತು. ಅದನ್ನು ಹಿಡಿದು ಕೆಲಸಕ್ಕೆ ಹೋಗುವ ತಾಯಂದಿರನ್ನು ದೂಷಿಸಿದವರೂ ಇದ್ದರು. 1972ರಲ್ಲಿ ಮೈಕಲ್ ರಟರ್, ಮಗು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಳ್ಳುತ್ತದೆ, ಎಲ್ಲ ಅಗಲಿಕೆಯೂ ಒಂದೇ ರೀತಿ ಹಾನಿ ಮಾಡುವುದಿಲ್ಲ ಎಂದು ತೋರಿಸಿದರು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆಯವರು ನೋಡಿಕೊಂಡ ಮಾತ್ರಕ್ಕೆ ತಾಯಿ-ಮಗುವಿನ ಬಾಂಧವ್ಯ ಕೆಡುವುದು ಕಂಡುಬರಲಿಲ್ಲ.

ಬೋಲ್ಬಿ 1990ರಲ್ಲಿ, 83ನೇ ವಯಸ್ಸಿನಲ್ಲಿ, ಸ್ಕಾಟ್‌ಲೆಂಡ್‌ನ ಸ್ಕೈ ದ್ವೀಪದಲ್ಲಿ ತೀರಿಕೊಂಡರು.

ಅವರ ಬದುಕಿನಿಂದ ನಾವು ನೆನಪಿಡಬೇಕಾದದ್ದು ಇಷ್ಟು. ಎಳೆ ಮಗು ಅತ್ತರೆ ಎತ್ತಿಕೊಳ್ಳಿ, ಅದು ಕೆಡುವುದಿಲ್ಲ. ಎತ್ತಿಕೊಳ್ಳುವವರು ತಾಯಿಯೇ ಆಗಬೇಕೆಂದಿಲ್ಲ. ಅಪ್ಪ, ಅಜ್ಜಿ, ತಾತ, ದಿನವೂ ನೋಡಿಕೊಳ್ಳುವ ಆಯಾ ಯಾರೂ ಆಗಬಹುದು. ಆದರೆ ಮಗುವಿಗೆ ಪರಿಚಿತರಾಗಿರಬೇಕು, ಪದೇ ಪದೇ ಬದಲಾಗಬಾರದು. ಒಂದೊಂದು ದಿನ ತಕ್ಷಣ ಎತ್ತಿಕೊಳ್ಳಲು ಆಗದಿದ್ದರೆ ಅಪರಾಧಿ ಭಾವ ಬೇಡ. ಮುಂದಿನ ಬಾರಿ ಅಂಥ ಸಂದೇಶ ಬಂದಾಗ, ಅದನ್ನು ಫಾರ್ವರ್ಡ್ ಮಾಡುವ ಮೊದಲು ಆಸ್ಪತ್ರೆಯ ಆ ಪುಟ್ಟ ಹುಡುಗಿಯನ್ನು ನೆನಪಿಸಿಕೊಳ್ಳಿ.