ಗುರುರಾಜರು ನೆಲೆಯನ್ನು ಆರಿಸಿಕೊಂಡ ಬಗೆ

ಶ್ರಾವಣ ಬಹುಳ ಪ್ರತಿಪದೆಯಿಂದ ತೃತೀಯೆಯವರೆಗೆ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳೆಂದು ಮೂರು ದಿನಗಳ ಕಾಲ ಶ್ರೀ ರಾಘವೇಂದ್ರ ಗುರುಸಾರ್ವಭೌಮರ ಆರಾಧನೆಯನ್ನು ನಾವೆಲ್ಲರೂ ಭಕ್ತಿಯಿಂದ ಆಚರಿಸುತ್ತೇವೆ. ಆ ದಿನಗಳಲ್ಲಿ ತೀರ್ಥಪ್ರಸಾದಕ್ಕೆ ನೆರೆಯುವ ಸಜ್ಜನರಲ್ಲಿ ಹುಟ್ಟಿದ ಊರಿನಲ್ಲಿಯೇ ವಾಸವಾಗಿರುವವರು ವಿರಳ. ಅಜ್ಜನ ಮನೆ ಒಂದು ಸೀಮೆಯಲ್ಲಿ, ತಂದೆಯ ಉದ್ಯೋಗ ಇನ್ನೊಂದು ಸೀಮೆಯಲ್ಲಿ, ಮಕ್ಕಳ ಸಂಸಾರ ಮತ್ತೆಲ್ಲಿಯೋ. ಪಂಕ್ತಿಯಲ್ಲಿ ಪಕ್ಕದವರು ತಮ್ಮ ಊರು ಯಾವುದೆಂದು ವಿಚಾರಿಸಿದರೆ ತಡವರಿಸದೆ ಉತ್ತರ ಕೊಡುವವರು ನಮ್ಮಲ್ಲಿ ಕಡಿಮೆ. ಗುರುರಾಜರ ಮಹಿಮೆಗಳನ್ನು ಪ್ರವಚನಗಳಲ್ಲಿ ಪ್ರತಿವರ್ಷವೂ ಕೇಳುತ್ತೇವೆ. ಈ ಸಲ ಅವರ ಚರಿತ್ರೆಯನ್ನು ಈ ಒಂದು ದೃಷ್ಟಿಯಿಂದ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ. ಏಕೆಂದರೆ ಅವರ ವಂಶವೂ ಊರು ಬಿಟ್ಟು ಬಂದ ವಂಶವೇ.

ಬೀಗಮುದ್ರೆ ಮನೆತನದ ಕೃಷ್ಣಭಟ್ಟರು ವಿಜಯನಗರದ ಕೃಷ್ಣದೇವರಾಯನಿಗೆ ವೀಣೆಯನ್ನು ಕಲಿಸಿದವರೆಂದು ಪರಂಪರೆ. ಅವರ ಮಗ ಕನಕಾಚಲ ಭಟ್ಟರು, ಮೊಮ್ಮಗ ತಿಮ್ಮಣ್ಣ ಭಟ್ಟರು. 1565ರ ರಕ್ಕಸತಂಗಡಿ ಯುದ್ಧದಿಂದ ತುಂಗಭದ್ರಾತೀರದ ಮಹಾನಗರವು ಪಾಳುಬಿದ್ದು, ವಿದ್ವಾಂಸರಿಗೂ ಸಂಗೀತಗಾರರಿಗೂ ಇದ್ದ ಆಶ್ರಯ ತಪ್ಪಿತು. ಅನೇಕ ಕುಟುಂಬಗಳು ತಂಜಾವೂರಿನ ನಾಯಕರ ಔದಾರ್ಯವನ್ನು ನಂಬಿ ದಕ್ಷಿಣಕ್ಕೆ ನಡೆದವು. ತಿಮ್ಮಣ್ಣ ಭಟ್ಟರೂ ಪತ್ನಿ ಗೋಪಿಕಾಂಬೆಯೊಡನೆ ತಮಿಳುಸೀಮೆಯನ್ನು ಸೇರಿದರು. ಚಿದಂಬರದ ಸಮೀಪದ ಭುವನಗಿರಿಯಲ್ಲಿ, ಮನ್ಮಥ ಸಂವತ್ಸರದ ಫಾಲ್ಗುಣ ಶುದ್ಧ ಸಪ್ತಮಿಯಂದು, ಅಂದರೆ ಸುಮಾರು 1595ರಲ್ಲಿ, ಅವರಿಗೆ ವೆಂಕಟನಾಥನೆಂಬ ಪುತ್ರನು ಜನಿಸಿದನು. ಮುಂದೆ ಗುರುರಾಜರೆಂದು ಲೋಕಪೂಜ್ಯರಾದವರು ಇವರೇ.

ವೆಂಕಟನಾಥನಿಗೆ ಪಿತೃವಿಯೋಗವು ಬಾಲ್ಯದಲ್ಲಿಯೇ ಪ್ರಾಪ್ತವಾಯಿತು. ಅಣ್ಣ ಗುರುರಾಜನು ಸಾಕಿದನು. ಮಧುರೆಯಲ್ಲಿದ್ದ ಅಕ್ಕ ವೆಂಕಟಾಂಬೆಯ ಪತಿ ಲಕ್ಷ್ಮೀನರಸಿಂಹಾಚಾರ್ಯರು ವಿದ್ಯೆಯನ್ನು ಕೊಟ್ಟರು. ಸರಸ್ವತೀಬಾಯಿಯೊಡನೆ ವಿವಾಹವಾದ ಮೇಲೆ ಕುಂಭಕೋಣಕ್ಕೆ ಬಂದು, ಶ್ರೀ ಸುಧೀಂದ್ರತೀರ್ಥರ ಸನ್ನಿಧಿಯಲ್ಲಿ ಶಾಸ್ತ್ರಾಧ್ಯಯನವನ್ನು ಮುಂದುವರಿಸಿದರು. ಹೀಗೆ ಮೂವತ್ತು ವರ್ಷ ತುಂಬುವ ಮೊದಲೇ ಅವರು ಭುವನಗಿರಿ, ಮಧುರೆ, ಕುಂಭಕೋಣಗಳೆಂಬ ಮೂರು ಊರುಗಳ ನೀರನ್ನು ಕುಡಿದಿದ್ದರು.

ಕುಂಭಕೋಣದ ಗೃಹಸ್ಥಜೀವನವು ಕಡುಬಡತನದಲ್ಲಿ ಕಳೆಯಿತು. ವಿದ್ಯಾರ್ಥಿಗಳಿಗೆ ಪಾಠ ಹೇಳಿ ಪ್ರತಿಫಲವನ್ನು ಬೇಡದ ಕಾರಣ, ತಿಂಗಳಲ್ಲಿ ಏಕಾದಶಿಯಲ್ಲದ ದಿನಗಳಲ್ಲೂ ಆ ಮನೆಯಲ್ಲಿ ಉಪವಾಸ ನಡೆಯುತ್ತಿತ್ತು. ಒಂದು ಸಮಾರಾಧನೆಗೆ ಹೋದಾಗ ಅಲ್ಲಿಯವರು ಇವರ ಯೋಗ್ಯತೆಯನ್ನರಿಯದೆ ಗಂಧ ತೇಯುವ ಕೆಲಸಕ್ಕೆ ಹಚ್ಚಿದರಂತೆ. ಅಗ್ನಿಸೂಕ್ತವನ್ನು ಪಠಿಸುತ್ತ ತೇಯ್ದ ಆ ಗಂಧವು ಬ್ರಾಹ್ಮಣರ ಮೈಯನ್ನು ಸುಟ್ಟಿತೆಂದೂ, ವರುಣಸೂಕ್ತವನ್ನು ಪಠಿಸಿದ ಮೇಲೆ ತಂಪಾಯಿತೆಂದೂ ಪ್ರಸಿದ್ಧಿಯಿದೆ. ಪರಸ್ಥಳಕ್ಕೆ ಬಂದ ಬಡವನಿಗೆ ಮೊದಲು ದೊರೆಯುವ ಸ್ಥಾನ ಯಾವುದೆಂಬುದನ್ನು ಈ ಪ್ರಸಂಗವು ನಮಗೆ ತಿಳಿಸುತ್ತದೆ.

ಶ್ರೀ ಸುಧೀಂದ್ರತೀರ್ಥರು ತಮ್ಮ ತರುವಾಯ ಸಂಸ್ಥಾನವನ್ನು ವಹಿಸಬೇಕೆಂದು ಆಜ್ಞಾಪಿಸಿದಾಗ ವೆಂಕಟನಾಥಾಚಾರ್ಯರು ಒಡನೆಯೇ ಒಪ್ಪಲಿಲ್ಲ. ಎಳೆಯ ವಯಸ್ಸಿನ ಪತ್ನಿ, ಉಪನಯನವಾಗದ ಮಗ ಲಕ್ಷ್ಮೀನಾರಾಯಣ. ಇವರನ್ನು ಬಿಟ್ಟು ಹೊರಡುವುದು ಹೇಗೆಂದು ಅವರ ಮನಸ್ಸು ಹಿಂಜರಿಯಿತು. ವಿದ್ಯಾಭಿಮಾನಿದೇವತೆಯು ಸ್ವಪ್ನದಲ್ಲಿ ಪ್ರೇರಣೆ ಕೊಟ್ಟ ಬಳಿಕ, ಮಗನ ಉಪನಯನವನ್ನು ಮುಗಿಸಿ, ದುರ್ಮತಿ ಸಂವತ್ಸರದ ಫಾಲ್ಗುಣ ಶುದ್ಧ ಬಿದಿಗೆಯಂದು ತಂಜಾವೂರಿನಲ್ಲಿ ರಘುನಾಥ ನಾಯಕನ ಕಾಲದಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಶ್ರೀ ರಾಘವೇಂದ್ರತೀರ್ಥರಾದರು. ಪತಿಯ ಮುಖವನ್ನು ಕಡೆಯ ಸಲ ಕಾಣಬೇಕೆಂಬ ತವಕದಿಂದ ಓಡಿಬಂದ ಸರಸ್ವತೀಬಾಯಿ ದಾರಿಯಲ್ಲಿ ಬಾವಿಯ ಪಾಲಾದಳು. ಅತೃಪ್ತಳಾಗಿ ಬಂದ ಆ ಜೀವಕ್ಕೆ ಗುರುಗಳು ಕಮಂಡಲುವಿನ ಜಲವನ್ನು ಪ್ರೋಕ್ಷಿಸಿ ಸದ್ಗತಿಯನ್ನು ಕರುಣಿಸಿದರೆಂದು ಚರಿತ್ರೆ ಹೇಳುತ್ತದೆ. ಮನೆಯೊಂದನ್ನು ಬಿಡುವುದು ಮಹಾತ್ಮರಿಗೂ ಸುಲಭದ ಮಾತಾಗಿರಲಿಲ್ಲ; ಅದರ ನೋವನ್ನು ಹೆಚ್ಚಾಗಿ ಅನುಭವಿಸಿದವರು ಮನೆಯಲ್ಲಿ ಉಳಿದವರು. ಇದನ್ನು ಮರೆತು ಮಹಿಮೆಯನ್ನು ಮಾತ್ರ ಹೇಳಿದರೆ ಚರಿತ್ರೆಗೆ ಅಪಚಾರವಾದೀತು.

ಬಳಿಕ ದೀರ್ಘಕಾಲ ಶ್ರೀಗಳವರು ಕುಂಭಕೋಣವನ್ನು ಕೇಂದ್ರವಾಗಿಟ್ಟುಕೊಂಡು ಗ್ರಂಥರಚನೆ, ಪಾಠಪ್ರವಚನ, ಸಂಚಾರಗಳನ್ನು ನಡೆಸಿದರು. ಶ್ರೀಮನ್ನ್ಯಾಯಸುಧೆಗೆ ಪರಿಮಳವೆಂಬ ವ್ಯಾಖ್ಯಾನವನ್ನು ಬರೆದು ಪರಿಮಳಾಚಾರ್ಯರೆನಿಸಿದರು. ತಮಿಳುನಾಡಿನಲ್ಲಿ ಹುಟ್ಟಿ ಬೆಳೆದರೂ ಮನೆಯ ಮಾತನ್ನು ಬಿಟ್ಟವರಲ್ಲ. ಧೀರ ವೇಣುಗೋಪಾಲ ಎಂಬ ಅಂಕಿತದ ಕನ್ನಡ ಕೀರ್ತನೆಯು ಅವರದೆಂದು ಇಂದಿಗೂ ನಮ್ಮ ಮನೆಗಳಲ್ಲಿ ಹಾಡುತ್ತಾರೆ.

ಅವರ ಪರಮಗುರುಗಳಾದ ಶ್ರೀ ವಿಜಯೀಂದ್ರತೀರ್ಥರ ಬೃಂದಾವನವು ಕಾವೇರಿಯ ಬಳಿ ಕುಂಭಕೋಣದಲ್ಲಿದೆ. ಗುರುಗಳಾದ ಶ್ರೀ ಸುಧೀಂದ್ರತೀರ್ಥರದು ತುಂಗಭದ್ರೆಯ ನಡುಗಡ್ಡೆಯಲ್ಲಿ, ಆನೆಗೊಂದಿಯ ನವಬೃಂದಾವನದಲ್ಲಿದೆ. ಹೀಗಿರಲು ಶ್ರೀ ರಾಘವೇಂದ್ರರಿಗೆ ಕಡೆಯ ನೆಲೆಯಾಗಿ ಎರಡು ಸ್ಥಳಗಳು ಸಿದ್ಧವಾಗಿಯೇ ಇದ್ದವೆನ್ನಬಹುದು. ಕಾವೇರಿಯ ಸೀಮೆಯಲ್ಲಿ ಬತ್ತದ ಗದ್ದೆಗಳೂ, ದಶಕಗಳ ಶಿಷ್ಯವರ್ಗವೂ ಇದ್ದವು. ಆನೆಗೊಂದಿಯ ಎದುರಿನಲ್ಲಿಯೇ ಪೂರ್ವಿಕರ ವಿಜಯನಗರವಿತ್ತು. ಅಲ್ಲಿ ನೆಲೆಸಿದ್ದರೆ ತವರಿಗೆ ಮರಳಿದಂತೆ ಆಗುತ್ತಿತ್ತು. ಶ್ರೀಗಳವರು ಎರಡನ್ನೂ ಆರಿಸಲಿಲ್ಲ.

ಉತ್ತರದ ಸಂಚಾರದಲ್ಲಿ ಅವರು ತುಂಗಭದ್ರೆಯ ಆಚೆ ದಡದ ಬಿಚ್ಚಾಲೆಗೆ ದಯಮಾಡಿಸಿ, ಪ್ರಿಯಶಿಷ್ಯ ಅಪ್ಪಣಾಚಾರ್ಯರ ಆತಿಥ್ಯದಲ್ಲಿ ಕೆಲವು ವರ್ಷ ಇದ್ದರು. ಆ ಪ್ರಾಂತ್ಯದ ಆದವಾನಿಯು ಆಗ ವಿಜಾಪುರದ ಅಧೀನದಲ್ಲಿದ್ದು, ಸಿದ್ದಿ ಮಸೂದ್ ಖಾನನು ಅಧಿಪತಿಯಾಗಿದ್ದನು. ಓದುಬರಹ ತಿಳಿಯದ ದನಗಾಹಿ ಹುಡುಗನಾಗಿದ್ದ ವೆಂಕಣ್ಣನು ಗುರುಗಳ ಅನುಗ್ರಹದಿಂದ ಅಲ್ಲಿಯ ದಿವಾನನಾಗಿದ್ದನು. ನವಾಬನು ಪರೀಕ್ಷಿಸಲೆಂದು ಬಟ್ಟೆ ಮುಚ್ಚಿ ಒಪ್ಪಿಸಿದ ಮಾಂಸದ ತಟ್ಟೆಯು ಪ್ರೋಕ್ಷಣೆಯಿಂದ ಫಲಪುಷ್ಪಗಳಾದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಪಶ್ಚಾತ್ತಾಪಪಟ್ಟ ನವಾಬನು ಫಲವತ್ತಾದ ಗ್ರಾಮಗಳನ್ನು ಕೊಡಲು ಮುಂದಾದನು. ಶ್ರೀಗಳವರು ಕೇಳಿದ್ದು ನದೀತೀರದ ಮಂಚಾಲೆ ಎಂಬ ಬರಡು ಗ್ರಾಮವನ್ನು. ಅದು ಅದಾಗಲೇ ಒಬ್ಬ ಕಾಜಿಗೆ ಇನಾಮಾಗಿ ಹೋಗಿತ್ತೆಂದೂ, ಬೇರೆ ಗ್ರಾಮವನ್ನು ಆರಿಸಿಕೊಳ್ಳಬೇಕೆಂಬ ಪ್ರಾರ್ಥನೆಗೆ ಗುರುಗಳು ಒಪ್ಪದ ಕಾರಣ ಕಾಜಿಗೆ ಬದಲಿ ಇನಾಮನ್ನು ಕೊಟ್ಟು ಮಂಚಾಲೆಯನ್ನು ಬಿಡಿಸಿಕೊಡಲಾಯಿತೆಂದೂ ಸಂಪ್ರದಾಯ ಹೇಳುತ್ತದೆ.

ಬಿಸಿಲಿಗೆ ಕಾದ ಬಂಡೆಯ ನೆಲವನ್ನೇ ಏಕೆ ಆರಿಸಿದರು? ದಿವಾನ ವೆಂಕಣ್ಣನಿಗೂ ಇದು ಅರ್ಥವಾಗಲಿಲ್ಲವಂತೆ. ತಾವು ಹಿಂದೆ ಪ್ರಹ್ಲಾದರಾಜರಾಗಿದ್ದಾಗ ಯಜ್ಞ ಮಾಡಿದ ಸ್ಥಳವದೆಂದು ಗುರುಗಳು ಅವನಿಗೆ ತಿಳಿಸಿದರು. ನಾವು ವಾಸಸ್ಥಳವನ್ನು ಆರಿಸುವಾಗ ನೀರು, ಬೆಳೆ, ಸಂಪಾದನೆಗಳನ್ನು ನೋಡುತ್ತೇವೆ. ಅದು ಗೃಹಸ್ಥರಿಗೆ ತಪ್ಪೂ ಅಲ್ಲ. ಗುರುಗಳಾದರೋ ಸತ್ಕರ್ಮದ ಋಣವಿದ್ದ ನೆಲವನ್ನು ನೋಡಿದರು. ಭೂಮಿ ತಮಗೆ ಏನನ್ನು ಕೊಟ್ಟೀತೆಂಬುದನ್ನು ಅವರು ಎಣಿಸಲಿಲ್ಲ.

ಇನ್ನೊಂದು ವಿಷಯವನ್ನು ನಾವು ವಿಶೇಷವಾಗಿ ಗಮನಿಸಬೇಕು. ಆ ಊರಿನಲ್ಲಿ ಗ್ರಾಮದೇವತೆಯಾದ ಮಂಚಾಲಮ್ಮನು ಮೊದಲೇ ನೆಲೆಸಿದ್ದಳು. ಗುರುಗಳು ಆಕೆಯ ಅನುಮತಿಯನ್ನು ಪಡೆದೇ ಅಲ್ಲಿ ನಿಂತರು. ಆದ್ದರಿಂದಲೇ ಇಂದಿಗೂ ಮಂತ್ರಾಲಯಕ್ಕೆ ಹೋದವರು ಮೊದಲು ಮಂಚಾಲಮ್ಮನ ದರ್ಶನವನ್ನು ಮಾಡಿ, ಅನಂತರ ಗುರುಗಳ ಬೃಂದಾವನಕ್ಕೆ ಹೋಗುವ ಪದ್ಧತಿಯಿದೆ. ಹೊಸ ಊರಿಗೆ ಬಂದವರು ಅಲ್ಲಿ ಮೊದಲಿನಿಂದ ಇರುವವರಿಗೆ ಮೊದಲ ಗೌರವವನ್ನು ಸಲ್ಲಿಸಬೇಕೆಂಬ ಪಾಠವನ್ನು ಜಗದ್ಗುರುಗಳೇ ಆಚರಿಸಿ ತೋರಿಸಿದ್ದಾರೆ.

ಶ್ರೀ ಯೋಗೀಂದ್ರತೀರ್ಥರಿಗೆ ಸಂಸ್ಥಾನವನ್ನು ಒಪ್ಪಿಸಿ, ವಿರೋಧಿಕೃತ್ ಸಂವತ್ಸರದ ಶ್ರಾವಣ ಬಹುಳ ಬಿದಿಗೆ, ಗುರುವಾರದಂದು, 1671ರಲ್ಲಿ, ಶ್ರೀಗಳವರು ಸಶರೀರರಾಗಿ ಬೃಂದಾವನವನ್ನು ಪ್ರವೇಶಿಸಿದರು. ಬರಡು ಮಂಚಾಲೆಯು ಮಂತ್ರಾಲಯವಾಯಿತು.

ರಾಜ್ಯಗಳು ಬಂದವು, ಹೋದವು. ಬ್ರಿಟಿಷರ ಕಾಲದಲ್ಲಿ ಮಂತ್ರಾಲಯವು ಬಳ್ಳಾರಿ ಜಿಲ್ಲೆಯ ಆದವಾನಿ ತಾಲ್ಲೂಕಿನಲ್ಲಿತ್ತು. 1953ರಲ್ಲಿ ಜಿಲ್ಲೆ ಒಡೆದಾಗ ಬಳ್ಳಾರಿಯು ಮೈಸೂರಿಗೂ, ಆದವಾನಿಯು ಆಂಧ್ರಕ್ಕೂ ಸೇರಿದವು. ಗಡಿ ಬದಲಾಯಿತೇ ಹೊರತು ಯಾತ್ರಿಕರ ದಾರಿ ಬದಲಾಗಲಿಲ್ಲ. ತಮಿಳುಸೀಮೆಯಲ್ಲಿ ಜನಿಸಿ, ಕನ್ನಡದಲ್ಲಿ ಹಾಡಿ, ಇಂದಿನ ತೆಲುಗುನಾಡಿನಲ್ಲಿ ನೆಲೆಸಿದ ಗುರುಗಳನ್ನು ಮೂರು ಭಾಷೆಯವರೂ ತಮ್ಮವರೆಂದೇ ತಿಳಿಯುತ್ತಾರೆ.

ಊರು ಬಿಟ್ಟು ಹೋದ ನಮ್ಮ ಹಿರಿಯರು ಮಾಡಿದ್ದೇನು? ಮಂತ್ರಾಲಯದ ಮೃತ್ತಿಕೆಯನ್ನು ಮಡಿಯಿಂದ ತಂದು, ತಾವು ಸೇರಿದ ಊರಿನಲ್ಲಿ ಮೃತ್ತಿಕಾಬೃಂದಾವನವನ್ನು ಪ್ರತಿಷ್ಠಿಸಿದರು. ಹೀಗೆ ಗುರುಗಳು ಆರಿಸಿದ ನೆಲದ ಒಂದು ಹಿಡಿ ಮಣ್ಣು ನಾವಿರುವ ಊರುಗಳನ್ನೂ ನಮ್ಮ ಊರನ್ನಾಗಿ ಮಾಡಿದೆ. ಮುಂದಿನ ಆರಾಧನೆಯಲ್ಲಿ ಪಕ್ಕದವರು ಊರು ಯಾವುದೆಂದು ವಿಚಾರಿಸಿದಾಗ, ಸೇವೆ ಸಲ್ಲಿಸುತ್ತಿರುವ ಈ ಸ್ಥಳದ ಹೆಸರನ್ನೇ ನಾವು ಸಂಕೋಚವಿಲ್ಲದೆ ಹೇಳಬಹುದು.

ಶ್ರೀಕೃಷ್ಣಾರ್ಪಣಮಸ್ತು.